ನಾನೂರು ರೂಪಾಯಿ ಪ್ರಾಣಿಗೆ ಸಾವಿರ ರೂಪಾಯಿ ಡಾಕ್ಟರೇ?



ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. "ಸಾರ್, ಹ್ಯಾಮ್‌ಸ್ಟರ್ ತಂದದ್ದೇ ನಾನೂರು ರೂಪಾಯಿಗೆ. ಅದಕ್ಕೆ ಡಾಕ್ಟರಿಗೆ ಸಾವಿರ ಸುರಿಯೋಕಾಗುತ್ತಾ? ಸತ್ತರೆ ಇನ್ನೊಂದು ತಂದರಾಯ್ತು!" ಹೀಗೆ ಹೇಳುವ ಹುಡುಗರು ಕ್ರೂರಿಗಳಲ್ಲ. ಟೀ ಅಂಗಡಿ ಮುಂದಿನ ನಾಯಿಗೆ ತಮ್ಮ ಬಿಸ್ಕತ್ತು ಮುರಿದು ಹಾಕುವವರೇ. ಆದರೆ ಲೆಕ್ಕ ತಪ್ಪಿದ್ದಾರೆ. ಆ ತಪ್ಪು ಲೆಕ್ಕಕ್ಕೆ ಅಂಗೈಯಲ್ಲಿ ಕೂರುವ ಜೀವವೊಂದು ಪ್ಲಾಸ್ಟಿಕ್ ಡಬ್ಬದ ಮೂಲೆಯಲ್ಲಿ ಮುದುಡಿಕೊಂಡು ಸಾಯುತ್ತದೆ.

ನಾನು ಪಶುವೈದ್ಯನಲ್ಲ. ಪಿಯುಸಿ ಓದಿ ಪ್ರೆಸ್ ಇಟ್ಟುಕೊಂಡವನು. ಆದರೆ ಕೊಟೇಷನ್ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ಹತ್ತಿರ ಗಿರಾಕಿ ಬರುತ್ತಾನೆ. "ಐನೂರು ಲಗ್ನಪತ್ರಿಕೆಗೆ ಇಷ್ಟು ಅಂದ್ರಿ, ನನಗೆ ಐವತ್ತೇ ಸಾಕು, ಹತ್ತರಲ್ಲಿ ಒಂದು ಭಾಗ ತಗೊಳ್ಳಿ" ಎನ್ನುತ್ತಾನೆ. ಆಗುತ್ತದೆಯೇ ಸ್ವಾಮಿ? ಐವತ್ತಕ್ಕೂ ಡಿಸೈನ್ ಮಾಡಬೇಕು, ಪ್ಲೇಟ್ ಹಾಕಿಸಬೇಕು, ಇಂಕು ಹೊಂದಿಸಬೇಕು, ಕೆಲಸ ಮುಗಿದ ಮೇಲೆ ರೋಲರ್ ತೊಳೆಯಬೇಕು. ಕಡಿಮೆಯಾಗುವುದು ಕಾಗದ ಮಾತ್ರ!

ಹ್ಯಾಮ್‌ಸ್ಟರ್ ಚಿಕಿತ್ಸೆಯೂ ಥೇಟ್ ಹಾಗೆಯೇ. ದೊಡ್ಡ ಜಾತಿಯ ಸಿರಿಯನ್ ಹ್ಯಾಮ್‌ಸ್ಟರ್ ಸಾಮಾನ್ಯವಾಗಿ 100ರಿಂದ 150 ಗ್ರಾಂ ತೂಗುತ್ತದೆ. ಡ್ವಾರ್ಫ್ ಎನ್ನುವ ಕುಳ್ಳ ಜಾತಿಯದು 30ರಿಂದ 50 ಗ್ರಾಂ. ಔಷಧಿ ಒಂದೆರಡು ಹನಿ. ಆದರೆ ಡಾಕ್ಟರ ಸಮಯ, ಎಕ್ಸ್-ರೇ, ಅರಿವಳಿಕೆ, ಇವು ಪ್ರಾಣಿಯ ತೂಕ ನೋಡಿ ಇಳಿಯುವುದಿಲ್ಲ. ಇನ್ನೂ ಹೇಳಬೇಕೆಂದರೆ ಅಷ್ಟು ಸಣ್ಣ ಮೈಗೆ ಅರಿವಳಿಕೆ ಕೊಡುವುದು ಆನೆಗೆ ಕೊಟ್ಟಷ್ಟೇ ಫಜೀತಿ. ಅದಕ್ಕೆ ಕೈ ಪಳಗಿದವರೇ ಬೇಕು. ಪ್ರಾಣಿಯ ಬೆಲೆಗೂ ಅದರ ಡಾಕ್ಟರ್ ಬಿಲ್ಲಿಗೂ ಸಂಬಂಧವೇ ಇಲ್ಲ. ಇದನ್ನು ಕೊಳ್ಳುವ ಮುಂಚೆ ತಿಳಿಯಿರಿ, ಕೊಂಡ ಮೇಲಲ್ಲ.

ನಾಯಿ ಸಾಕಿದವನಿಗೆ ಖರ್ಚು ಮೊದಲೇ ಪಾಠ ಕಲಿಸುತ್ತದೆ. ಮರಿಯಿದ್ದಾಗಲೇ ಲಸಿಕೆ, ಆಮೇಲೆ ರೇಬೀಸ್ ಚುಚ್ಚುಮದ್ದು, ಹುಳದ ಔಷಧಿ. ಆಸ್ಪತ್ರೆಯ ದಾರಿ, ಡಾಕ್ಟರ ಮುಖ, ಫೀಸು ಎಲ್ಲಾ ಪರಿಚಯವಾಗುತ್ತದೆ. ಹ್ಯಾಮ್‌ಸ್ಟರಿಗೆ ಹಾಕಿಸುವ ಲಸಿಕೆಯೇ ಇಲ್ಲ. ಹಾಗಾಗಿ ತಿಂಗಳುಗಟ್ಟಲೆ ಒಂದು ಪೈಸೆ ಖರ್ಚಿಲ್ಲ. ಹುಡುಗ ಆರಾಮಾಗಿರುತ್ತಾನೆ. ಆಮೇಲೆ ಒಂದು ರಾತ್ರಿ ಎಲ್ಲಾ ಒಟ್ಟಿಗೆ ಬಂದು ಬೀಳುತ್ತದೆ.

ನಮ್ಮ ಬೈಂಡಿಂಗ್ ಸೆಕ್ಷನ್ನಿನ ಹುಡುಗನ ಕತೆ ಕೇಳಿ. ಇಬ್ಬರು ಸ್ನೇಹಿತರ ಜೊತೆ ರೂಮು ಮಾಡಿಕೊಂಡಿದ್ದಾನೆ. ತಿಂಗಳ ಕೊನೆಯ ವಾರ ಒಂದು ಅಂಗಡಿಯಿಂದ ಹ್ಯಾಮ್‌ಸ್ಟರ್ ಮರಿ ತಂದ. ನಾಲ್ಕನೇ ದಿನ ಮರಿ ಮಂಕಾಯಿತು, ಬಾಲದ ಸುತ್ತ ಒದ್ದೆ, ಕೆಟ್ಟ ವಾಸನೆ. ಅಂಗಡಿಯವನಿಗೆ ಫೋನ್ ಮಾಡಿದರೆ "ಸ್ವಲ್ಪ ಬಿಸಿಲಿಗಿಡಿ, ಸರಿಹೋಗುತ್ತೆ" ಎಂದನಂತೆ. ಜೇಬಿನಲ್ಲಿ ದುಡ್ಡಿಲ್ಲ. ಒಂದನೇ ತಾರೀಕು ಸಂಬಳ ಬಂದ ಮೇಲೆ ತೋರಿಸೋಣ ಅಂದುಕೊಂಡ. ಅಷ್ಟರೊಳಗೆ ಏನಾದರೂ ಮಾಡಬೇಕಲ್ಲ ಎಂದು ರೂಮಿನಲ್ಲಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಡಿಸಿ ಚಿಟಿಕೆಯಷ್ಟು ನೀರಿಗೆ ಕಲಸಿ ಕುಡಿಸಿದ. ಒಂದನೇ ತಾರೀಕಿನವರೆಗೆ ಅದು ಕಾಯಲಿಲ್ಲ.

ಆ ರೋಗಕ್ಕೆ ‘ವೆಟ್ ಟೇಲ್’ ಎನ್ನುತ್ತಾರೆ. ಕರುಳಿನ ಸೋಂಕಿನಿಂದ ಬರುವ ಭೇದಿ. ತಾಯಿಯಿಂದ ಬಿಡಿಸಿ, ಅಂಗಡಿಯಲ್ಲಿ ಕಿಕ್ಕಿರಿಸಿ, ಮತ್ತೆ ಹೊಸ ಮನೆಗೆ ಸಾಗಿಸಿದ ಎಳೆಯ ಮರಿಗಳಿಗೇ ಹೆಚ್ಚಾಗಿ ಹಿಡಿಯುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಎರಡು ಮೂರು ದಿನದಲ್ಲಿ ಕತೆ ಮುಗಿಯುತ್ತದೆ. ಇನ್ನು ಆ ಕ್ಯಾಪ್ಸೂಲು! ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಿಗಳು ನಮಗೆ ಗುಣ ಕೊಡಬಹುದು, ಹ್ಯಾಮ್‌ಸ್ಟರಿಗೆ ಅವೇ ವಿಷ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಕೆಟ್ಟದ್ದನ್ನು ಬೆಳೆಸುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಹತ್ತು ರೂಪಾಯಿಗೆ ಸಿಗುವ ಮಾತ್ರೆ ಡಾಕ್ಟರ ಫೀಸಿಗಿಂತ ದುಬಾರಿಯಾಗುವುದು ಹೀಗೆ.

ಈಗ ಬಜೆಟ್ಟಿನ ಮಾತಿಗೆ ಬನ್ನಿ. "ತಿಂಗಳು ತಿಂಗಳು ಸ್ವಲ್ಪ ಎತ್ತಿಡಿ" ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿ, ಆದರೆ ಅರ್ಧ ಮಾತ್ರ ಸರಿ. ಮರಿ ತಂದ ಮೊದಲ ವಾರದಲ್ಲೇ ಕಾಯಿಲೆ ಬಂದರೆ ನಿಮ್ಮ ಡಬ್ಬಿಯಲ್ಲಿ ಏನಿರುತ್ತದೆ? ಅದಕ್ಕೇ ನಾನು ಹೇಳುವುದು, ಮೊದಲು ಅಡ್ವಾನ್ಸ್ ಇಡಿ. ಅಡ್ವಾನ್ಸ್ ಇಲ್ಲದೆ ನಾನು ಯಾರ ಕೆಲಸಕ್ಕೂ ಪ್ಲೇಟ್ ಹಾಕಿಸುವುದಿಲ್ಲ. ನೀವೂ ಅಡ್ವಾನ್ಸ್ ಇಲ್ಲದೆ ಪ್ರಾಣಿ ತರಬೇಡಿ.

ಎಷ್ಟು? ಲೆಕ್ಕ ತಿಳಿಯಲೆಂದು ಒಂದು ಅಂಕಿ ಹೇಳುತ್ತೇನೆ. ಮನೆಗೆ ತರುವ ದಿನವೇ 2,000 ರೂಪಾಯಿ ಬೇರೆ ತೆಗೆದಿಡಿ. ಆಮೇಲೆ ತಿಂಗಳಿಗೆ 150. ಹ್ಯಾಮ್‌ಸ್ಟರ್ ಬದುಕುವುದು ಸುಮಾರು ಎರಡು ವರ್ಷ, ಚೆನ್ನಾಗಿ ನೋಡಿಕೊಂಡರೆ ಮೂರರ ಹತ್ತಿರ ಹೋಗಬಹುದು. ಎರಡು ವರ್ಷಕ್ಕೆ 3,600, ಅಡ್ವಾನ್ಸ್ ಸೇರಿ 5,600. ನಾನೂರು ರೂಪಾಯಿ ಪ್ರಾಣಿಯ ಹದಿನಾಲ್ಕು ಪಟ್ಟು! ಗಾಬರಿಯಾಯಿತೇ? ಆಗಲಿ. ಗಾಬರಿ ಅಂಗಡಿಯ ಬಾಗಿಲಲ್ಲೇ ಆದರೆ ಒಳ್ಳೆಯದು. ಇಷ್ಟು ಆಗುವುದಿಲ್ಲ ಎನ್ನುವವರು ಕೊಳ್ಳಬೇಡಿ. ಅದರಲ್ಲಿ ಅವಮಾನವೇನೂ ಇಲ್ಲ.

ಆದರೆ ನನ್ನ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ದರ ಊರಿಂದೂರಿಗೆ ಬೇರೆ, ಒಂದೇ ಊರಿನಲ್ಲಿ ಜಯನಗರಕ್ಕೆ ಬೇರೆ, ಪೀಣ್ಯಕ್ಕೆ ಬೇರೆ. ಫೋನ್ ತೆಗೆದುಕೊಂಡು ನೀವೇ ಕೇಳಿ. ಮೊದಲ ಪ್ರಶ್ನೆ ಫೀಸಿನದಲ್ಲ. "ನೀವು ಹ್ಯಾಮ್‌ಸ್ಟರ್ ನೋಡುತ್ತೀರಾ?" ಎಂಬುದು. ನಮ್ಮ ಬಡಾವಣೆಗಳ ಕ್ಲಿನಿಕ್ಕುಗಳಲ್ಲಿ ನಾಯಿ ಬೆಕ್ಕೇ ಹೆಚ್ಚು, ದನದ ಆಸ್ಪತ್ರೆಯಲ್ಲಿ ಹಸು ಕುರಿಯೇ ಹೆಚ್ಚು. ಅದು ಅವರ ತಪ್ಪಲ್ಲ. ಸಣ್ಣ ಪ್ರಾಣಿಗಳನ್ನು ನೋಡುವ ಡಾಕ್ಟರು ಬೇರೆಯೇ ಇರುತ್ತಾರೆ, ‘ಎಕ್ಸಾಟಿಕ್’ ಎಂದು ಕೇಳಿದರೆ ಗುರುತು ಹೇಳುತ್ತಾರೆ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಹಾಸನ, ಶಿವಮೊಗ್ಗ, ಬೀದರಿನಲ್ಲೂ ಕಾಲೇಜುಗಳಿವೆ. ಅಲ್ಲಿ ವಿಚಾರಿಸಿದರೆ ಯಾರಲ್ಲಿಗೆ ಹೋಗಬೇಕೆಂದಾದರೂ ತಿಳಿಯುತ್ತದೆ. ಆಮೇಲೆ ಫೀಸು ಎಷ್ಟು, ರಾತ್ರಿ ಬಂದರೆ ಎಷ್ಟು, ಹಲ್ಲು ಕತ್ತರಿಸಲು ಎಷ್ಟು, ಗಂಟು ತೆಗೆಯಲು ಅಂದಾಜು ಎಷ್ಟು, ಎಲ್ಲಾ ಬರೆದುಕೊಳ್ಳಿ. ಕನ್ನಡದಲ್ಲೇ ಕೇಳಿ. ಅರ್ಥವಾಗದ ಇಂಗ್ಲಿಷ್ ಬಿಲ್ಲಿಗೆ ತಲೆಯಾಡಿಸಿ ದುಡ್ಡು ಕೊಟ್ಟು ಬರುವುದು ನಮ್ಮ ಹುಡುಗರ ದೊಡ್ಡ ರೋಗ. ಅದಕ್ಕೆ ಯಾವ ಡಾಕ್ಟರೂ ಇಲ್ಲ!

ಖರ್ಚು ತಪ್ಪಿಸುವ ದಾರಿಗಳೂ ಇವೆ. ಅಂಗಡಿಯವನು "ಜೋಡಿ ತಗೊಳ್ಳಿ, ಒಂಟಿಯಾದರೆ ಕೊರಗುತ್ತೆ" ಎನ್ನುತ್ತಾನೆ. ನಂಬಬೇಡಿ. ಸಿರಿಯನ್ ಹ್ಯಾಮ್‌ಸ್ಟರ್ ಬೆಳೆದ ಮೇಲೆ ಒಂಟಿಯಾಗಿಯೇ ಇರಬೇಕು. ಎರಡು ಗಂಡಾದರೂ, ಎರಡು ಹೆಣ್ಣಾದರೂ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ, ಗಾಯ ಕೀವಾಗುತ್ತದೆ. ಗಂಡು ಹೆಣ್ಣಾದರೆ ಬಸಿರಿನ ಅವಧಿ ಹದಿನಾರೇ ದಿನ, ತಿಂಗಳೊಳಗೆ ನಿಮ್ಮ ಬಜೆಟ್ಟಿಗೆ ಎಂಟು ಹತ್ತು ಹೊಸ ಸದಸ್ಯರು. 2018ರ ಪೆಟ್ ಶಾಪ್ ನಿಯಮಗಳು ಹ್ಯಾಮ್‌ಸ್ಟರಿನ ಹೆಸರನ್ನೇ ಹೇಳಿ ತಮ್ಮೊಳಗೆ ಸೇರಿಸಿಕೊಂಡಿವೆ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿ, ಅವನ ಮುಖ ನೋಡಿ.

ಬಿಸಿಲಿಗೆ ಇಡಿ ಎಂದನಲ್ಲ, ಅದೂ ಶುದ್ಧ ತಪ್ಪು. ಇದು ಸಿರಿಯಾದ ಹೊಲಗಳಲ್ಲಿ ಆಳದ ಬಿಲ ತೋಡಿ ತಂಪಿನಲ್ಲಿ ಹಗಲು ಕಳೆಯುವ ಪ್ರಾಣಿ. 1930ರಲ್ಲಿ ಅಲೆಪ್ಪೊ ಹತ್ತಿರ ಅಗೆದು ಹಿಡಿದ ಒಂದು ತಾಯಿಯ ಮರಿಗಳಿಂದಲೇ ಇವತ್ತಿನ ಸಾಕು ಸಿರಿಯನ್‌ಗಳ ಸಂತಾನ ಬೆಳೆದದ್ದು. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲಿಗೆ, ಬೆಂಗಳೂರಿನ ಶೀಟ್ ಹಾಕಿದ ರೂಮಿನ ಸೆಕೆಗೂ ಇದು ತಡೆಯುವುದಿಲ್ಲ. ಗೂಡನ್ನು ಮನೆಯ ತಂಪಾದ ಮೂಲೆಯಲ್ಲಿಡಿ.

ಕಾಯಿಲೆ ಬೇಗ ಗೊತ್ತಾದರೆ ಬಿಲ್ಲೂ ಚಿಕ್ಕದು. ಬೇರೆ ಪ್ರಾಣಿಗೆ ಆಹಾರವಾಗುವ ಜೀವ ತನ್ನ ನೋವನ್ನು ಬಚ್ಚಿಡುತ್ತದೆ. ತಟ್ಟೆ ಖಾಲಿಯಾಗಿದೆ ಎಂದರೆ ತಿಂದಿದೆ ಎಂದಲ್ಲ, ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಕೂಡಿಟ್ಟಿರುತ್ತದೆ. ಅದಕ್ಕೆ ಒಂದು ಡಿಜಿಟಲ್ ಅಡುಗೆ ತಕ್ಕಡಿ ತಂದು ಭಾನುವಾರ ಭಾನುವಾರ ತೂಗಿ, ಬರೆದಿಡಿ. ನೂರಿಪ್ಪತ್ತು ಗ್ರಾಮಿನ ಪ್ರಾಣಿ ಹತ್ತು ಗ್ರಾಂ ಇಳಿಯಿತೆಂದರೆ ಅರವತ್ತು ಕೆಜಿಯ ನೀವು ಐದು ಕೆಜಿ ಇಳಿದ ಹಾಗೆ. ಮುಂದಿನ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಕಡಿಯಲು ಮರದ ತುಂಡಿಲ್ಲದಿದ್ದರೆ, ಇಲ್ಲವೆ ಹಲ್ಲು ಸೊಟ್ಟಾಗಿದ್ದರೆ ತಿನ್ನಲಾಗದೆ ಸೊರಗುತ್ತದೆ.

ಒಂದೂವರೆ ವರ್ಷ ದಾಟಿದ ಮೇಲೆ ಅದು ಮುದಿ ಪ್ರಾಣಿ. ಗಂಟು, ಗಡ್ಡೆ ಕಾಣಿಸಿಕೊಳ್ಳಬಹುದು. ಆಗ ಆಪರೇಷನ್ ಬೇಕೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬೇಡ ಎನಿಸಿದರೆ ನೋವಿಲ್ಲದೆ ಬೀಳ್ಕೊಡುವ ಚುಚ್ಚುಮದ್ದು ಇದೆ. ಅದಕ್ಕೂ ಹಣ ಬೇಕು, ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ದುಡ್ಡಿಲ್ಲ ಎಂದು ಮೂರು ದಿನ ನರಳಲು ಬಿಡುವುದು ಯಾವ ಪ್ರೀತಿ?

ಗೂಡಿಗೆ ಹಾಸಲು ಅಂಗಡಿಯವರು ಮಾರುವ ಹತ್ತಿಯಂಥ ಬಣ್ಣದ ನಾರು ಕೊಳ್ಳಬೇಡಿ. ಕಾಲಿಗೆ ಸುತ್ತಿಕೊಳ್ಳುತ್ತದೆ, ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ. ನಿಮ್ಮ ಬೀದಿಯ ಯಾವುದೇ ಪ್ರೆಸ್ಸಿಗೆ ಹೋಗಿ, ಕಟಿಂಗ್ ಮಿಷನ್ ಕೆಳಗೆ ಬಿದ್ದಿರುವ, ಇಂಕು ತಾಗದ ಬಿಳಿ ಕಾಗದದ ಚೂರು ಕೇಳಿ. ಒಂದು ಚೀಲ ಪುಕ್ಕಟೆ ಕೊಡುತ್ತಾರೆ. ನಾನಂತೂ ಕೊಡುತ್ತೇನೆ.