ಚಿಕ್ಕ ಟ್ಯಾಬ್ಲೆಟ್ಟಿಗೆ ಎಂಥ ಕೀಲಿಮಣೆ?

ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗಳು ಚಿಕ್ಕ ಟ್ಯಾಬ್ಲೆಟ್ಟಿಗೆ ನಿಸ್ತಂತು ಕೀಲಿಮಣೆಯನ್ನು ಕೊಳ್ಳುವಾಗ, ಕೀಲಿಗಳ ಮೇಲೆ ಕನ್ನಡ ಅಕ್ಷರಗಳಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಕೀಲಿಮಣೆಯು ಬ್ಲೂಟೂತಿನ ಮೂಲಕ ಕಳುಹಿಸುವುದು ಯಾವ ಕೀಲಿಯನ್ನು ಒತ್ತಿದೆವೆಂಬ ಸಂಕೇತವನ್ನು ಮಾತ್ರ. ಅದನ್ನು ಅಕ್ಷರವಾಗಿಸುವುದು ಟ್ಯಾಬ್ಲೆಟ್ಟಿನೊಳಗಿನ ತಂತ್ರಾಂಶ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ‘ಕೆ’ ಕೀಲಿಗೆ ಕ, ಶಿಫ್ಟಿನೊಡನೆ ಖ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’. ತರೀಕೆರೆಗೆ ಏಳು ಅಕ್ಷರಕೀಲಿಗಳು, ಅಜ್ಜಂಪುರಕ್ಕೆ ಎಂಟು!

ಹೊರಗಿನ ಕೀಲಿಮಣೆಗೂ ಟ್ಯಾಬ್ಲೆಟ್ಟು ಈ ವಿನ್ಯಾಸವನ್ನು ಒದಗಿಸುವುದೇ ಎಂಬುದನ್ನು ಮೊದಲು ವಿಚಾರಿಸಬೇಕು.

ಮಡಚುವ ಮಣೆಯ ಮೋಹ ನಮಗೂ ಉಂಟು. ಆದರೆ ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 19 ಮಿಲಿಮೀಟರು ಇರುವುದು ರೂಢಿಯ ಅಳತೆ. ಅದು ಬಹಳ ಕುಗ್ಗಿದರೆ ಬೆರಳುಗಳು ತೊಡಕುವುವು. ಶಿಫ್ಟು ಕಿರಿದಾದರೆ ಮಹಾಪ್ರಾಣಗಳೇ ತಪ್ಪುವುವು. ಅಂಗಡಿಯಲ್ಲಿಯೇ ನಿಮ್ಮೂರಿನ ಹೆಸರನ್ನು ಹತ್ತು ಬಾರಿ ಬೆರಳಚ್ಚಿಸಿ ನೋಡಿರಿ; ಹಣವನ್ನು ಆಮೇಲೆ ಕೊಡಿರಿ.