ಮಲೆನಾಡಿನ ಮನೆಗೆ ಏಸಿ ಬೇಕೆ?

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಮೈಲುತುತ್ತದ ದಾಸ್ತಾನು, ಗೊಬ್ಬರದ ಲೆಕ್ಕ ಎಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ಕೊನೆಯದಾಗಿ ಒಂದು ಅರ್ಜಿ ಮುಂದೆ ಬಂತು. ಮೂರು ಎಕರೆ ಅಡಿಕೆ, ಎರಡು ಎಕರೆ ಕಾಫಿ ಇರುವ ಸದಸ್ಯರೊಬ್ಬರು ಮನೆಗೆ ಸ್ಪ್ಲಿಟ್ ಏಸಿ ಹಾಕಿಸಲು ಸಂಘದಿಂದ ಗೃಹೋಪಯೋಗಿ ಸಾಲ ಕೇಳಿದ್ದರು. ಸಭೆ ಅಲ್ಲಿಯೇ ಎರಡು ಪಾಲಾಯಿತು. ಹಿರಿಯ ನಿರ್ದೇಶಕರೊಬ್ಬರು, "ಕಂಬಳಿ ಹೊದ್ದು ಮಲಗಿದ ಸೀಮೆಯವರು ನಾವು. ಏಸಿಗೂ ಸಾಲ ಕೊಡುತ್ತ ಹೋದರೆ ಸಂಘಕ್ಕೆ ಬೀಗ ಹಾಕುವ ದಿನ ದೂರವಿಲ್ಲ" ಎಂದರು. ಕಿರಿಯ ನಿರ್ದೇಶಕರು, "ಅಣ್ಣಾ, ಆ ಮನೆಯಲ್ಲಿ ಎಂಬತ್ತರ ಅಜ್ಜಿ ಇದ್ದಾರೆ. ಬೇಸಿಗೆಯಲ್ಲಿ ರಾತ್ರಿ ಹನ್ನೆರಡಾದರೂ ಅವರಿಗೆ ನಿದ್ರೆಯಿಲ್ಲ, ಉಸಿರು ಕಟ್ಟುತ್ತದೆ. ಒಂದು ಸಲ ಹೋಗಿ ನೋಡಿ ಬನ್ನಿ" ಎಂದರು. ತೀರ್ಮಾನವಾಗದೆ ಅರ್ಜಿಯನ್ನು ಮುಂದಿನ ಸಭೆಗೆ ಇಡಲಾಗಿದೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಸೂಕ್ತವೆಂದು ತೋರಿತು.

ಮೊದಲೇ ಹೇಳಿಬಿಡುತ್ತೇವೆ. ಸಾಲ ಕೊಡಬೇಕು ಎಂಬ ಪಕ್ಷ ನಮ್ಮದು. ಆದರೆ ಯಂತ್ರಕ್ಕಷ್ಟೇ ಕೊಡುವ ಸಾಲಕ್ಕೆ ನಮ್ಮ ವಿರೋಧವಿದೆ. ಏಕೆಂದರೆ ಏಸಿ ಎಂಬುದು ಕೊನೆಯ ಕೆಲಸ. ಅದಕ್ಕೆ ಮೊದಲು ಆಗಬೇಕಾದ ಎರಡು ಕೆಲಸಗಳಿವೆ. ಒಂದು ಮಾಡಿನ ಕೆಲಸ, ಇನ್ನೊಂದು ಅರ್ತಿಂಗ್ ಕೆಲಸ. ಇವೆರಡನ್ನು ಬಿಟ್ಟು ಯಂತ್ರ ತಂದರೆ ಮೊದಲನೆಯದರಿಂದ ದುಡ್ಡು ಹೋಗುತ್ತದೆ, ಎರಡನೆಯದರಿಂದ ಜೀವವೇ ಹೋದೀತು.

ನಮ್ಮ ಹಿರಿಯರ ಮನೆಗಳು ತಂಪಾಗಿದ್ದವು ಎಂಬುದು ಬರಿಯ ಹಳೆಯ ಕಾಲದ ಹೊಗಳಿಕೆಯಲ್ಲ. ಸೋಗೆಯ ಮನೆ ಹೋಗಿ ಹಂಚಿನ ಮನೆ ಬಂತು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಹಂಚು ಘಟ್ಟ ಹತ್ತಿ ನಮ್ಮಲ್ಲಿಗೂ ಬಂತು. ಹಂಚು ಬಿಸಿಲಿಗೆ ಬೇಗ ಕಾಯುತ್ತದೆ, ಬಿಸಿಲು ಇಳಿದರೆ ಅಷ್ಟೇ ಬೇಗ ಆರುತ್ತದೆ. ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಅಟ್ಟ, ಅದರ ಕೆಳಗೆ ಮುಚ್ಚಿಗೆ. ಮಾಡಿನ ಶಾಖ ಮನುಷ್ಯನ ತಲೆಯವರೆಗೆ ಇಳಿಯುವ ದಾರಿಯೇ ಇರಲಿಲ್ಲ. ಈಗ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ನಾವೆಲ್ಲ ತಾರಸಿ ಮನೆ ಕಟ್ಟಿಕೊಂಡೆವು. ಮಂಗಗಳು ಹಂಚು ಒಡೆಯುವ ಕಾಟ ತಪ್ಪಿತು, ಅಡಿಕೆ ಹರವಲು ಮೇಲೆ ಜಾಗವಾಯಿತು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿ ಕಕ್ಕುವ ವಸ್ತು. ಹೊರಗೆ ಅಂಗಳದಲ್ಲಿ ತಂಪು ಬಿದ್ದಿದ್ದರೂ ಒಳಗೆ ಕೋಣೆ ಬೇಯುತ್ತಿರುವುದು ಇದೇ ಕಾರಣಕ್ಕೆ. ಮೇಲೆ ಅಡಿಕೆ ಒಣಗುವ ತಾರಸಿಯ ಕೆಳಗೆ ನಾವೂ ಒಣಗುತ್ತೇವೆ ಅಷ್ಟೆ.

ಬಿಸಿಲಿನ ಲೆಕ್ಕ ಬೆಳೆಗಾರರಿಗೆ ಹೊಸದೇನಲ್ಲ. ಅಡಿಕೆ ಮರದ ಕಾಂಡಕ್ಕೆ ನೈಋತ್ಯದ ಬಿಸಿಲು ಹೊಡೆದರೆ ಸೀಳು ಬಿಡುತ್ತದೆಂದು ನಮಗೆ ಗೊತ್ತು. ಅದಕ್ಕಾಗಿ ಆ ದಿಕ್ಕಿಗೆ ನೆರಳು ಮರ ಬೆಳೆಸುತ್ತೇವೆ, ಎಳೆಯ ಮರಕ್ಕೆ ಹಾಳೆಯನ್ನೋ ಸೋಗೆಯನ್ನೋ ಕಟ್ಟುತ್ತೇವೆ. ಕಾಫಿಗೆ ಎಷ್ಟು ನೆರಳು ಇರಬೇಕು, ಯಾವಾಗ ಮರಗಸಿ ಮಾಡಬೇಕು ಎಂದು ಓದದವನೂ ಹೇಳುತ್ತಾನೆ. ಇಷ್ಟೆಲ್ಲ ತಿಳಿದ ನಾವು ಮನೆಯ ಪಶ್ಚಿಮದ ಗೋಡೆಯ ಪಕ್ಕ ಇದ್ದ ಹಲಸಿನ ಮರವನ್ನು ತಾರಸಿಗೆ ಎಲೆ ಬೀಳುತ್ತದೆಂದು ಕಡಿಸಿ, ಆಮೇಲೆ ಅದೇ ಗೋಡೆಗೆ ಏಸಿ ಹಾಕಿಸಲು ಹೊರಡುತ್ತೇವೆ. ಗಿಡಕ್ಕೆ ಮಾಡುವ ಉಪಚಾರವನ್ನು ಮನೆಗೂ ಮಾಡಿದರೆ ಅರ್ಧ ಸೆಕೆ ಅಲ್ಲಿಗೇ ಕಡಿಮೆ. ಬೇಸಿಗೆಗೆ ಮೊದಲು ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ಅನುಕೂಲವಿದ್ದರೆ ತಾರಸಿಯ ಮೇಲೆ ನಾಲ್ಕು ಕಡೆಯೂ ಗಾಳಿಯಾಡುವಂತೆ ಎತ್ತರಿಸಿ ಹಂಚಿನದೋ ಶೀಟಿನದೋ ಮಾಡು ಹಾಕುವುದು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಪ್ಪರ ಕಟ್ಟುವುದು. ಇವು ವರ್ಷವಿಡೀ ಕರೆಂಟು ಕೇಳದೆ ದುಡಿಯುತ್ತವೆ. ಮೂರು ಸಾವಿರ ಅಡಿ ಎತ್ತರದ ಕಾಫಿ ಸೀಮೆಯ ಸದಸ್ಯರಿಗೆ ಇಷ್ಟು ಮಾಡಿ ರಾತ್ರಿ ಕಿಟಕಿ ತೆರೆದು ಫ್ಯಾನು ಹಾಕಿಕೊಂಡರೆ ಏಸಿಯ ಯೋಚನೆಯೇ ಬಾರದೆ ಇರಬಹುದು.

ಇಷ್ಟು ಮಾಡಿದರೂ ಸಾಲದ ಮನೆಗಳಿವೆ. ಘಟ್ಟದ ಬುಡದ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳ ಬೇಗೆಯ ಜೊತೆಗೆ ತೇವವೂ ಸೇರಿ ಬೆವರು ಆರುವುದೇ ಇಲ್ಲ. ಮುದುಕರು, ಹೃದಯದ ಕಾಯಿಲೆಯವರು, ಹಾಸಿಗೆ ಹಿಡಿದವರು ಇರುವ ಮನೆಯಲ್ಲಿ ಏಸಿಯನ್ನು ಶೋಕಿ ಎನ್ನುವುದು ನ್ಯಾಯವಲ್ಲ. ಈ ಯಂತ್ರ ಹುಟ್ಟಿದ್ದೂ ಶೋಕಿಗಾಗಿ ಅಲ್ಲ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ತಪ್ಪುತ್ತಿತ್ತು. ಆ ತೇವವನ್ನು ತೆಗೆಯಲು ವಿಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದರ ಎಂಜಿನಿಯರು ರೂಪಿಸಿದ ಏರ್ಪಾಡೇ ಇಂದಿನ ಏಸಿಯ ಮೂಲ. ತೇವ ಮಾಡುವ ಹಾನಿ ಏನೆಂದು ಮಳೆಗಾಲದಲ್ಲಿ ಅಡಿಕೆ, ಕಾಫಿ ಕಾಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏಸಿ ತರುವುದೆಂದು ನಿಶ್ಚಯವಾದರೆ ತಿಳಿದು ತರಬೇಕು. ಅಂಗಡಿಯಲ್ಲಿ ಹೇಳುವ ಟನ್ನು ಯಂತ್ರದ ತೂಕವಲ್ಲ. ಸುಮಾರು 900 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಒಂದು ಟನ್ನು ಎಂದು ಹೆಸರು. ಹತ್ತಡಿ ಹನ್ನೆರಡಡಿಯ ಕೋಣೆಗೆ, ಮಾಡಿಗೆ ನೆರಳಿದ್ದರೆ, ಒಂದು ಟನ್ನು ಧಾರಾಳ. ದೊಡ್ಡದು ತಂದರೆ ಕೋಣೆ ಬೇಗ ತಣಿದು ಯಂತ್ರ ನಿಲ್ಲುತ್ತದೆ, ತೇವ ಮಾತ್ರ ಉಳಿಯುತ್ತದೆ. ಹಂಚಿನ ಕೋಣೆಗೆ ಮುಚ್ಚಿಗೆಯಿಲ್ಲದೆ ಏಸಿ ಹಾಕಿದರೆ ಅದು ಒಡೆದ ಕೊಡಕ್ಕೆ ನೀರು ತುಂಬಿದಂತೆ.

ಖರ್ಚಿನ ಲೆಕ್ಕವನ್ನೂ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ಕೊಳ್ಳುವ ಆಸೆ ಹೆಚ್ಚಿದೆ. ಕೊಂಡ ಮೇಲಿನ ಖರ್ಚನ್ನು ಮಾತ್ರ ಯಾರೂ ಹೇಳುವುದಿಲ್ಲ. ಒಂದು ಟನ್ನಿನ ಯಂತ್ರ ಪೂರ್ತಿ ದುಡಿಯುವಾಗ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್. ಇನ್ವರ್ಟರ್ ಮಾದರಿಯದಾಗಿದ್ದು, ಕೋಣೆಯೂ ಹದವಾಗಿದ್ದರೆ ಇದು ಬಹಳಷ್ಟು ಇಳಿಯುತ್ತದೆ. 2023ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು ಎಂಬುದನ್ನು ಮರೆಯುವಂತಿಲ್ಲ. 2020ರ ಜನವರಿಯಿಂದ ಹೊಸ ಏಸಿಗಳು ತಾವಾಗಿ 24 ಡಿಗ್ರಿಯಲ್ಲಿ ಶುರುವಾಗುವಂತೆ ಸರ್ಕಾರ ನಿಯಮ ಮಾಡಿದೆ. ಅದನ್ನು 18ಕ್ಕೆ ಇಳಿಸಿ ಕಂಬಳಿ ಹೊದೆಯುವುದು ಜಾಣತನವಲ್ಲ. 26ಕ್ಕೆ ಇಟ್ಟು ಮೆಲ್ಲಗೆ ಫ್ಯಾನು ಹಾಕಿಕೊಂಡರೆ ಮುದುಕರಿಗೂ ಹಿತ, ಬಿಲ್ಲಿಗೂ ಹಿತ.

ಇನ್ನು ಅರ್ತಿಂಗ್ ವಿಚಾರ. ಇಲ್ಲಿ ನಮ್ಮ ಮನೆಯಲ್ಲೇ ನಡೆದುದನ್ನು ಹೇಳಲು ಸಂಕೋಚವಿಲ್ಲ. ತಂದೆಯವರಿಗೆಂದು ಮೂರು ವರ್ಷದ ಹಿಂದೆ ಏಸಿ ತಂದೆವು. ಪೇಟೆಯಿಂದ ಇಬ್ಬರು ಹುಡುಗರು ಬಂದು ಒಂದೂವರೆ ಗಂಟೆಯಲ್ಲಿ ಕೂಡಿಸಿ ಹೋದರು. ಗೋಡೆಗೆ ತೂತು, ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ತಾಮ್ರದ ಕೊಳವೆ. ಕೆಲಸ ಚುರುಕಾಯಿತೆಂದು ನಾವೇ ಹೊಗಳಿ ಕಾಫಿ ಕೊಟ್ಟು ಕಳಿಸಿದೆವು. ಎಂಟನೆಯ ದಿನ ಮನೆಯಾಕೆ ಬಟ್ಟೆ ಒಣಗಿಸಲು ಹೋಗಿ ಒದ್ದೆ ಕೈಯಲ್ಲಿ ಹೊರಗಿನ ಪೆಟ್ಟಿಗೆ ಮುಟ್ಟಿ ಕಿರುಚಿದರು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಉಳಿದರು. ನಮ್ಮೂರಿನ ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಪ್ಲಗ್ಗಿನ ಮೂರನೆಯ ತಂತಿ ಹೋಗಿ ಸೇರಿದ್ದು ಇಪ್ಪತ್ತು ವರ್ಷದ ಹಿಂದಿನ ಅರ್ತಿಂಗ್ ಗುಂಡಿಗೆ. ಅಲ್ಲಿ ಪೈಪು ತುಕ್ಕು ಹಿಡಿದು ಪುಡಿಯಾಗಿತ್ತು. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಕಲ್ಲಿನಂತೆ ಒಣಗಿತ್ತು. ತಂತಿಯಿತ್ತು, ಅರ್ತಿಂಗ್ ಇರಲಿಲ್ಲ. ತಪ್ಪು ಆ ಹುಡುಗರದ್ದಷ್ಟೇ ಅಲ್ಲ, ಕೇಳದೆ ಬಿಟ್ಟ ನಮ್ಮದೂ ಹೌದು.

ಆದಕಾರಣ ನಮ್ಮ ವಿನಂತಿ ಇಷ್ಟು. ಯಂತ್ರಕ್ಕೆ ಮೊದಲು ಹೊಸ ಅರ್ತಿಂಗ್ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಬಿಡಬೇಕು. ಏಸಿಗೆ ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಾಮ್ರದ ತಂತಿ ಬೇರೆಯಾಗಿ ಬರಬೇಕು. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನನ್ನು ಕಾಯಲು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಬೇಕು. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೆಂದು ನಾಲ್ಕು ದಿನ ಅಳೆದು ಸ್ಟೆಬಿಲೈಜರ್ ನಿಶ್ಚಯಿಸಬೇಕು. ಮನೆಗೆ ಮಂಜೂರಾದ ಲೋಡು ಸಾಕೇ ಎಂದು ವಿಚಾರಿಸಬೇಕು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಮೋಡ ಕಟ್ಟಿದ ಕೂಡಲೇ ಟಿ.ವಿ.ಯ ಹಾಗೆ ಏಸಿಯ ಪ್ಲಗ್ಗನ್ನೂ ತೆಗೆದಿಡಬೇಕು. ಇನ್ವರ್ಟರ್ ಏಸಿಯ ಒಳಗಿನ ಬೋರ್ಡು ಸಿಡಿಲಿಗೆ ಸುಟ್ಟರೆ ಬರುವ ಖರ್ಚು ಸಣ್ಣದಲ್ಲ.

ಕೂಡಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಗ್ಯಾಸು ಬಿಡುವ ಮೊದಲು ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆದು ತೆಗೆಯಬೇಕು. ಪಂಪು ತಂದಿಲ್ಲವೆಂದರೆ ಆ ದಿನ ಕೆಲಸ ಬೇಡವೆನ್ನಿ. ನಮ್ಮಲ್ಲಿ ಹಾಗೆ ಹೇಳದೆ ಇದ್ದುದಕ್ಕೆ ಮರುವರ್ಷವೇ ತಂಪು ನಿಂತಿತು. "ಗ್ಯಾಸು ಮುಗಿದಿದೆ" ಎಂದರು. ಗ್ಯಾಸು ಸೀಮೆಎಣ್ಣೆಯಂತೆ ಉರಿದು ಮುಗಿಯುವ ವಸ್ತುವಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸು ತುಂಬಿಸಿದರೆ ತೂತು ಡ್ರಮ್ಮಿಗೆ ಬೋರ್ಡೋ ದ್ರಾವಣ ತುಂಬಿದಂತೆಯೇ. ಈಗಿನ ಹೆಚ್ಚಿನ ಯಂತ್ರಗಳಲ್ಲಿರುವ ಆರ್-32 ಎಂಬ ಗ್ಯಾಸು ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದು, ಆದ್ದರಿಂದ ಕೆಲಸದ ಹೊತ್ತಿನಲ್ಲಿ ಹತ್ತಿರ ಬೀಡಿ, ಬೆಂಕಿ ಕೂಡದು. ಹೊರಗಿನ ಪೆಟ್ಟಿಗೆಯನ್ನು ಅಡಿಕೆ ಬೇಯಿಸುವ ಒಲೆಯ ಹೊಗೆ, ಬೂದಿ ಬರುವ ಕಡೆಗಾಗಲಿ, ಗಾಳಿಯಾಡದ ಮೂಲೆಗಾಗಲಿ ಇಡಬಾರದು. ಕೊಳವೆಯ ಹೊದಿಕೆಯನ್ನು ಮಂಗ, ಇಲಿ ಕೀಳದಂತೆ ಗಟ್ಟಿ ಪೈಪಿನೊಳಗೆ ತರಬೇಕು. ನೀರಿನ ಕೊಳವೆಗೆ ಇಳಿಜಾರು ಇರಲೇಬೇಕು, ಇಲ್ಲದಿದ್ದರೆ ನೀರು ಗೋಡೆಗೆ ಇಳಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಸ್ಪ್ಲಿಟ್ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಧೂಪ ಹಾಕುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಬಾಗಿಲು, ಕಿಟಕಿ ಮುಚ್ಚಿದ ಏಸಿ ಕೋಣೆಗೆ ಕೆಂಡ ಹೋದರೆ ಅದರ ವಿಷಾನಿಲ ಅಲ್ಲಿಯೇ ನಿಲ್ಲುತ್ತದೆ. ತಾಯಿ ಮಗುವಿನ ಜೀವದ ಪ್ರಶ್ನೆ ಇದು. ಮನೆಯ ಹೆಂಗಸರಿಗೆ ಈ ಮಾತನ್ನು ತಪ್ಪದೆ ತಿಳಿಸಬೇಕು.

ಈಗ ಸಾಲದ ವಿಷಯಕ್ಕೆ ಬರೋಣ. ನಾವು ಆಡಳಿತ ಮಂಡಳಿಗೆ ಸೂಚಿಸುವುದು ನಾಲ್ಕು ಅಂಶ. ಸುಣ್ಣ, ಮಾಡು, ವೈರಿಂಗ್, ಅರ್ತಿಂಗ್ ಈ ಎಲ್ಲದರ ಖರ್ಚೂ ಸಾಲದಲ್ಲಿ ಸೇರಲಿ, ಬಡ್ಡಿ ಒಂದೇ ಇರಲಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅರ್ತಿಂಗ್ ಅಳೆದು ಬರೆದುಕೊಟ್ಟ ಮೇಲೆಯೇ ಯಂತ್ರದ ಹಣ ಬಿಡುಗಡೆಯಾಗಲಿ. ಒಂದು ಮನೆಗೆ ಒಂದೇ ಯಂತ್ರ, ಅದೂ ಮನೆಯ ಅತಿ ದುರ್ಬಲರು ಮಲಗುವ ಕೋಣೆಗೆ. ಕಂತುಗಳು ಅಡಿಕೆ, ಕಾಫಿ ಮಾರಾಟದ ತಿಂಗಳಿಗೆ ಹೊಂದಿಕೊಳ್ಳಲಿ. ಬೆಳೆಸಾಲದ ಹಣವನ್ನು ಮಾತ್ರ ಇದಕ್ಕೆ ಮುಟ್ಟಬಾರದು. ಎಲೆಚುಕ್ಕೆ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಇಟ್ಟ ದುಡ್ಡು ಗೋಡೆಯ ಮೇಲೆ ಪೆಟ್ಟಿಗೆಯಾಗಿ ಕುಳಿತರೆ, ಮನೆ ತಣ್ಣಗಾಗಿ ತೋಟ ಬೆಂದೀತು.

ಕಂಬಳಿಯ ಮಾತು ಆಡಿದ ಹಿರಿಯ ನಿರ್ದೇಶಕರ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಸಂಘದ ದುಡ್ಡು ಎಲ್ಲರ ಬೆವರಿನ ದುಡ್ಡು. ಆದರೆ ಆ ಬೆವರು ಸುರಿಸಿ ಸಂಘ ಕಟ್ಟಿದ ತಲೆಮಾರಿನವರೇ ಇಂದು ತಾರಸಿಯ ಕೆಳಗೆ ನಿದ್ರೆಯಿಲ್ಲದೆ ಹೊರಳುತ್ತಿದ್ದಾರೆ. ಅರ್ಜಿ ಕೊಟ್ಟ ಸದಸ್ಯರ ಮನೆಗೆ ಮೊನ್ನೆ ನಾವು ಆ ಹಿರಿಯರನ್ನೇ ಕರೆದುಕೊಂಡು ಹೋಗಿದ್ದೆವು. ಅವರು ರಾತ್ರಿ ಒಂಬತ್ತರವರೆಗೂ ಅಜ್ಜಿಯ ಕೋಣೆಯಲ್ಲಿ ಕುಳಿತಿದ್ದರು. ಬರುವಾಗ ದಾರಿಯಲ್ಲಿ, "ಮೊದಲು ಆ ತಾರಸಿಗೆ ಸುಣ್ಣ ಬಳಿಸಲು ಹೇಳಿ. ಮಿಕ್ಕದ್ದನ್ನು ಸಭೆಯಲ್ಲಿ ನೋಡೋಣ" ಎಂದರು. ನಮ್ಮ ಅಭಿಪ್ರಾಯವೂ ಅದೇ ಕ್ರಮದಲ್ಲಿದೆ. ಸದಸ್ಯ ಬಾಂಧವರು ತಮ್ಮ ತಮ್ಮ ಅಭಿಪ್ರಾಯವನ್ನು ಮುಂದಿನ ಸಭೆಯ ಒಳಗೆ ಸಂಘದ ಕಚೇರಿಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.