ಬಡ್ಡಿಯ ಕನ್ನಡ

ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಮಂಗಳೂರಿನಿಂದ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಮುಂದೆ ಕೆನರಾ ಬ್ಯಾಂಕಾಗಿ ಬೆಳೆದ ನಿಧಿ 1906ರಲ್ಲಿ, ಕರ್ನಾಟಕ ಬ್ಯಾಂಕು 1924ರಲ್ಲಿ ಇದೇ ಊರಿನಲ್ಲಿ ಹುಟ್ಟಿದವು. ಅಕ್ಷರಕ್ಕೂ ಹಣಕ್ಕೂ ಹೆಸರಾದ ಈ ಊರಿನಲ್ಲಿ ಹಣವನ್ನು ಕುರಿತು ಬರೆಯುವ ಕನ್ನಡವೇ ದರಿದ್ರವಾಗಿರಬೇಕೇ?

ನಂತೂರಿನ ನನ್ನ ಮನೆಗೆ ಬರುವ ಕರಪತ್ರಗಳಲ್ಲಿ ಇಂಥ ವಾಕ್ಯ ಸಾಮಾನ್ಯ: "ಅವಧಿಪೂರ್ವ ಹಿಂಪಡೆಯುವಿಕೆಗೆ ಬಡ್ಡಿಯು ಕಡಿತಗೊಳಿಸಲ್ಪಡುವುದು." ಕಡಿಯುವವರು ಯಾರು? ಎಷ್ಟು? ಇಡೀ ಬಡ್ಡಿಯನ್ನೋ, ದರದಲ್ಲಿ ಒಂದು ಪಾಲನ್ನೋ? "ಅವಧಿಗೆ ಮೊದಲೇ ಹಣ ತೆಗೆದರೆ 7ರ ಬದಲು 6ರ ದರದಲ್ಲಿ ಬಡ್ಡಿ ಕೊಡುತ್ತೇವೆ" ಎಂದರೆ ಅಡಿಕೆ ಮಾರಿ ಬಂದ ಅಜ್ಜನಿಗೂ ತಿಳಿಯುತ್ತದೆ. ತಿಳಿಯಬಾರದೆಂಬುದೇ ಉದ್ದೇಶವಾದರೆ ಮಾತು ಬೇರೆ.

ಪತ್ರಿಕೆಗಳ ವಾಣಿಜ್ಯ ಪುಟವೂ ಇದಕ್ಕೆ ಹೊರತಲ್ಲ. ಸಾಲದ ಬಡ್ಡಿ ದರ 8ರಿಂದ 9ಕ್ಕೆ ಏರಿದರೆ "ಬಡ್ಡಿ ಶೇಕಡಾ 1 ಏರಿಕೆ" ಎಂದು ಬರೆದುಬಿಡುತ್ತಾರೆ. ಸಾಲಗಾರ ತೆರುವ ಬಡ್ಡಿ ಏರಿದ್ದು ಶೇಕಡಾ 12.5!

"ಅರ್ಥವಾದರೆ ಸಾಕು, ವ್ಯಾಕರಣ ಪಂಡಿತರಿಗಿರಲಿ" ಎನ್ನುವವರುಂಟು. ಕಥೆಯಲ್ಲಿ ಅಚ್ಚಿನ ತಪ್ಪು ನುಸುಳಿದರೆ ಓದುಗ ನಕ್ಕು ಸುಮ್ಮನಾಗುತ್ತಾನೆ. 7.25 ಎಂಬ ದರ 7.52 ಎಂದು ಅಚ್ಚಾದರೆ ಲಕ್ಷ ರೂಪಾಯಿ ಠೇವಣಿಯ ಮೇಲೆ ವರ್ಷಕ್ಕೆ 270 ರೂಪಾಯಿಯ ಸುಳ್ಳು. ಇದು ಪಾಂಡಿತ್ಯದ ಮಾತಲ್ಲ, ಪ್ರಾಮಾಣಿಕತೆಯ ಮಾತು.

ಅಸಲು, ಬಡ್ಡಿ, ಅಡವು, ಜಾಮೀನು, ಕಂತು: ನಮ್ಮ ಪೇಟೆಗೆ ಪದಗಳ ಬಡತನವಿಲ್ಲ. ಪೈಸೆ ಪೈಸೆಗೂ ಲೆಕ್ಕ ತಪಾಸಣೆ ಮಾಡಿಸುವ ಸಂಸ್ಥೆಗಳು ಕರಡು ತಿದ್ದಲು ಒಬ್ಬ ಕನ್ನಡ ಬಲ್ಲವನನ್ನು ಇಟ್ಟುಕೊಳ್ಳಲಾರವೇ? ರುಜು ಹಾಕುವವನಿಗೆ ತಾನು ಯಾವುದಕ್ಕೆ ರುಜು ಹಾಕುತ್ತಿದ್ದೇನೆಂದು ತಿಳಿಯುವ ಹಕ್ಕಿದೆ.